ಮಂಡಿ ಕ್ಲೀನ್ ಮಾಡೋ ಆಪರೇಷನ್ನು, ಬ್ಲೇಡೇ ಇಲ್ದಿರೋ ಮಶೀನು

ನಮ್ಮ ದೊಡ್ಡಮ್ಮಂಗೆ 58 ವರ್ಷ. ಮೆಟ್ಟಿಲು ಇಳಿಯೋವಾಗ ಬಲಗಡೆ ಮಂಡಿ ನೋಯುತ್ತೆ ಅಂತ ಮೂರು ತಿಂಗಳಿಂದ ಅಂತಿದ್ರು, ಎಮ್ಆರ್‌ಐ ಮಾಡಿಸಿದ್ವಿ, ರಿಪೋರ್ಟಲ್ಲಿ 'ಮೆನಿಸ್ಕಸ್ ಟೇರ್' ಅಂತ ಬಂತು, ಅಂದ್ರೆ ಮಂಡಿ ಮೂಳೆಗಳ ಮಧ್ಯೆ ಮೆತ್ತೆ ಥರ ಇರೋ ಭಾಗ ಹರಿದಿದೆ ಅಂತ. ಅಷ್ಟೇ, ಮನೇಲಿ ಎಲ್ರ ಮುಖಾನೂ ಸಪ್ಪೆ. ಒಳಗೆ ಏನೋ ಹರಿದಿದೆ ಅಂದ್ಮೇಲೆ ಹೊಲೀಬೇಕು ಇಲ್ಲಾ ಕತ್ತರಿಸ್ಬೇಕು ತಾನೆ? ತೋರಿಸಿದ ಕಡೆನೂ ಅದೇ ಹೇಳಿದ್ರು, ಎರಡು ಸಣ್ಣ ತೂತು, ಕೀಹೋಲು, ಹರಿದಿರೋ ಅಂಚು ಟ್ರಿಮ್ ಮಾಡಿ ಕ್ಲೀನ್ ಮಾಡ್ತೀವಿ, ಮಾರನೇ ದಿನ ಮನೆಗೆ.

ನಾನು ಡಾಕ್ಟ್ರಲ್ಲ, ಮೊದಲೇ ಹೇಳ್ಬಿಡ್ತೀನಿ. ಆದ್ರೆ ಈ ಒಂದು ಆಪರೇಷನ್ ಬಗ್ಗೆ ಓದ್ತಾ ಹೋದಂಗೆ ನನಗೆ ನಿದ್ದೆನೇ ಬರ್ಲಿಲ್ಲ.

ಫಿನ್‌ಲ್ಯಾಂಡಲ್ಲಿ ಏನ್ ಮಾಡಿದ್ರು ಗೊತ್ತಾ? 35ರಿಂದ 65 ವರ್ಷದ 146 ಜನ, ಎಲ್ರಿಗೂ ದೊಡ್ಡಮ್ಮನ ಥರಾನೇ ಸವೆದು ಹರಿದಿರೋ ಮೆನಿಸ್ಕಸ್ಸು. ಎಲ್ರನ್ನೂ ಟೇಬಲ್ ಮೇಲೆ ಮಲಗಿಸಿ, ಕ್ಯಾಮೆರಾ ಒಳಗೆ ಬಿಟ್ಟು ಹರಿದಿರೋದು ನಿಜಾನಾ ಅಂತ ನೋಡಿ, ಆಮೇಲೆ ಒಂದು ಸೀಲ್ ಮಾಡಿದ ಕವರ್ ಒಡೆಯೋದು. ಕವರಲ್ಲಿ ಏನಿದ್ಯೋ ಅದು. ಅರ್ಧ ಜನಕ್ಕೆ ನಿಜವಾಗ್ಲೂ ಟ್ರಿಮ್ ಮಾಡಿದ್ರು. ಇನ್ನರ್ಧ ಜನಕ್ಕೆ ನಾಟಕ! ಸರ್ಜನ್ ಎಲ್ಲಾ ಇನ್‌ಸ್ಟ್ರುಮೆಂಟೂ ಕೇಳಿ ಈಸ್ಕೊಳ್ಳೋದು, ಕಾಲು ಮಡಚೋದು ಬಿಡಿಸೋದು, ಹರಿದ ಅಂಚು ಕೆರೆಯೋ ಶೇವರ್ ಮಶೀನನ್ನ ಬ್ಲೇಡೇ ಇಲ್ಲದೆ ಮಂಡಿ ಚಿಪ್ಪಿಗೆ ಒತ್ತಿ ಹಿಡಿಯೋದು, ಅಷ್ಟೇ ಹೊತ್ತು ಥಿಯೇಟರಲ್ಲೇ ಇಟ್ಕೊಂಡು ಕಳಿಸೋದು. ಒಂದು ವರ್ಷ ಬಿಟ್ಟು ನೋಡಿದ್ರೆ ಎರಡೂ ಗುಂಪಿಗೂ ನೋವು ಕಮ್ಮಿ ಆಗಿತ್ತು, ಒಂದೇ ಅಳತೇಲಿ. ನಾಟಕದ ಆಪರೇಷನ್ ಆದವರಲ್ಲೂ 100ಕ್ಕೆ 90ಕ್ಕಿಂತ ಜಾಸ್ತಿ ಜನ ಮತ್ತೆ ಬೇಕಾದ್ರೂ ಮಾಡಿಸ್ಕೊಳ್ತೀವಿ ಅಂದ್ರು. ಇದು 2013ರಲ್ಲಿ ಪ್ರಿಂಟಾಗಿದ್ದು. ಐದು ವರ್ಷಕ್ಕೆ ಎಕ್ಸ್‌ರೇ ತೆಗೆದ್ರೆ ನಿಜವಾಗಿ ಕತ್ತರಿಸಿದವ್ರಲ್ಲೇ ಆರ್ಥ್ರೈಟಿಸ್ ಸ್ವಲ್ಪ ಜಾಸ್ತಿ ಕಾಣಿಸ್ತು.

ಇದೇನು ಹೊಸದಲ್ಲ ಮತ್ತೆ. ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಅನ್ನೋ ಸರ್ಜನ್ನು ಮಂಡಿ ಸವೆತ ಇರೋ 180 ಮಾಜಿ ಸೈನಿಕರ ಮೇಲೆ ಇದೇ ಥರ ಮಾಡಿ 2002ರಲ್ಲೇ ತೋರಿಸಿದ್ರು. ಅಲ್ಲಂತೂ ಮಂಡಿ ತೊಳೆಯೋ ಸದ್ದು ಬರ್ಲಿ ಅಂತ ನೀರು ಕೂಡ ಚೆಲ್ಲಾಡಿದ್ರಂತೆ. ರಿಸಲ್ಟ್ ಅದೇ.

ಹಂಗಾದ್ರೆ ಆಪರೇಷನ್ ಆದ್ಮೇಲೆ ವಾಸಿ ಆಯ್ತು ಅನ್ನೋರೆಲ್ಲ ಸುಳ್ಳು ಹೇಳ್ತಾರಾ? ಇಲ್ಲಪ್ಪ, ಅವ್ರಿಗೆ ನಿಜವಾಗ್ಲೂ ವಾಸಿ ಆಗಿರುತ್ತೆ. ನಾವು ಆಸ್ಪತ್ರೆಗೆ ಓಡೋದೇ ನೋವು ತಾರಕಕ್ಕೆ ಹೋದಾಗ, ಅಲ್ಲಿಂದ ಅದು ಹೆಂಗಿದ್ರೂ ಇಳಿಯೋದೇ, ಮೇಲಿಂದ ರೆಸ್ಟು, ಫಿಸಿಯೋ, 'ಆಪರೇಷನ್ ಆಯ್ತಲ್ಲ' ಅನ್ನೋ ಧೈರ್ಯ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಸರ್ಜನ್ನಿಗೂ ಹಂಗೇ ಕಾಣುತ್ತೆ, ಎದುರಿಗೆ ಬಂದು ಕೈಮುಗಿಯೋ ಪೇಷಂಟ್ ಇದ್ದಾಗ ಯಾರು ತಾನೇ ಅನುಮಾನ ಪಡ್ತಾರೆ. ಅದಕ್ಕೇ ಎಲ್ಲಾ ದುಡ್ಡಿಗೋಸ್ಕರ ಮಾಡ್ತಾರೆ ಅನ್ನೋ ಮಾತನ್ನ ನಾನು ಒಪ್ಪಲ್ಲ.

ನನಗೆ ಕೋಪ ಇರೋದು ಆ ರಿಪೋರ್ಟಿನ ಮೇಲೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ 50 ದಾಟಿದ ಸಾವಿರದಷ್ಟು ಜನಕ್ಕೆ, ನೋವಿರ್ಲಿ ಬಿಡ್ಲಿ, ಸುಮ್ನೆ ಮಂಡಿ ಎಮ್ಆರ್‌ಐ ಮಾಡಿದ್ರು. ಮೆನಿಸ್ಕಸ್ ಹರಿದಿದ್ದವರಲ್ಲಿ 61 ಪರ್ಸೆಂಟ್ ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರ್ಲಿಲ್ಲ! ಅಂದ್ರೆ ತಲೆಗೂದಲು ಬೆಳ್ಳಗಾದಂಗೆ ಇದೂ ಒಂದು. ರಿಪೋರ್ಟಲ್ಲಿ 'ಟೇರ್' ಬದಲು 'ವಯಸ್ಸಿನ ಸವೆತ' ಅಂತ ಬರೆದಿದ್ರೆ ನಮ್ಮನೇಲಿ ಅವತ್ತು ಅಡುಗೆನಾದ್ರೂ ಆಗ್ತಿತ್ತು.

ಹಂಗಂತ ಕಬಡ್ಡಿ ಆಡೋವಾಗ ಮಂಡಿ ತಿರುಚಿ, ಹರಿದ ತುಂಡು ಮಧ್ಯ ಸಿಕ್ಕಾಕ್ಕೊಂಡು ಕಾಲು ನೆಟ್ಟಗೇ ಆಗ್ತಿಲ್ಲ ಅನ್ನೋ ಹುಡುಗ ಈ ವಿಡಿಯೋ ನೋಡಿ ಮನೇಲಿ ಕೂರಬಾರ್ದು, ಆ ಕಥೆನೇ ಬೇರೆ, ತಕ್ಷಣ ಹೋಗಿ ತೋರಿಸಿ. ನಾನು ಹೇಳ್ತಿರೋದು ಸವೆದ ಮಂಡಿ ಬಗ್ಗೆ. ಅದಕ್ಕೆ ಕೀಹೋಲ್ ಬೇಡ ಅಂತ 2017ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರ ಪ್ಯಾನೆಲ್ಲು ಖಡಾಖಂಡಿತವಾಗಿ ಬರೆದಾಗಿದೆ.

ದೊಡ್ಡಮ್ಮಂಗೆ ಇದೆಲ್ಲಾ ಕೂತ್ಕೊಂಡು ವಿವರಿಸಿದೆ. ಪೂರ್ತಿ ಕೇಳಿ, "ಅಲ್ವೋ, ಹಂಗಾದ್ರೆ ಆ ನಾಟಕದ್ದೇ ಮಾಡ್ತಾರಾ ಕೇಳೋ, ಕಮ್ಮಿಗೆ ಆಗ್ಬಹುದು" ಅಂದ್ರು. ಈಗ ಫಿಸಿಯೋ ಹೇಳ್ಕೊಟ್ಟಂಗೆ ಸೀರಿಯಲ್ ನೋಡ್ತಾ ಕುರ್ಚಿ ಮೇಲೆ ಕೂತು ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸ್ತಾರೆ, ಜಾಹೀರಾತು ಬಂದಾಗ ಮಾತ್ರ.