ಕ್ಯಾಚರ್ ಕೈಗೆ ಗ್ಲೋವ್ ಬಂದಿದ್ದು ಹೇಗೆ

ಎಲ್ರಿಗೂ ನಮಸ್ಕಾರ. ಇವತ್ತು ಬೇಸ್‌ಬಾಲ್ ಬಗ್ಗೆ ಮಾತಾಡ್ತೀನಿ, ಅದ್ರಲ್ಲೂ ಒಂದೇ ಒಂದು ಗ್ಲೋವ್ ಬಗ್ಗೆ. ಕ್ರಿಕೆಟ್‌ನಲ್ಲಿ ವಿಕೆಟ್ ಕೀಪರ್ ಎರಡೂ ಕೈಗೆ ಗ್ಲೋವ್ ಹಾಕ್ತಾನೆ ಅಲ್ವಾ, ಬೇಸ್‌ಬಾಲ್‌ನಲ್ಲಿ ಅದೇ ಥರ ಬ್ಯಾಟರ್ ಹಿಂದೆ ಇದ್ದು ಬಾಲ್ ಹಿಡಿಯೋ ಕ್ಯಾಚರ್ ಹಾಕೋದು ಒಂದೇ ಕೈಗೆ, ಆದ್ರೆ ಅದು ದಿಂಬಿನ ಥರ ದಪ್ಪ, ಯಾಕಂದ್ರೆ ಬಾಲ್ ಹಿಡಿದ ಕೂಡ್ಲೇ ಬೇಸ್ ಕದಿಯೋಕೆ, ಅಂದ್ರೆ ಬ್ಯಾಟರ್ ಹೊಡೀದಿದ್ರೂ ಮುಂದಿನ ಬೇಸ್ ಅನ್ನೋ ನಿಲ್ದಾಣಕ್ಕೆ, ಓಡೋನನ್ನ ಔಟ್ ಮಾಡೋಕೆ ಎಸೀಬೇಕು, ಎಸೆಯೋ ಕೈ ಬರಿದಾಗೇ ಇರ್ಬೇಕು.

ಮೊದ್ಲು ಎರಡೂ ಕೈ ಬರಿದೇ. ಪಿಚರ್, ಅಂದ್ರೆ ನಮ್ಮ ಬೌಲರ್ ಥರದವ್ನು, ಕೆಳಗಿಂದ ಎಸೀತಿದ್ದ, ಕ್ಯಾಚರ್ ತುಂಬಾ ಹಿಂದೆ ನಿಂತು ಪುಟಿದು ಬರೋ ಬಾಲ್ ಹಿಡೀತಿದ್ದ, ಹೆಂಗೋ ನಡೀತಿತ್ತು. 1870ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್‌ನ ಡಗ್ ಆಲಿಸನ್ ಕೈನೋವಿಗೆ ಜಿಂಕೆ ಚರ್ಮದ ಗ್ಲೋವ್ ಹಾಕ್ಕೊಂಡ. ಆದ್ರೆ ಗ್ಲೋವ್ ಅಂದ್ರೆ ಆಗ ನಾಚಿಕೆ ವಿಷ್ಯ. 1875ರಲ್ಲಿ ಚಾರ್ಲ್ಸ್ ವೇಟ್ ಅನ್ನೋ ಆಟಗಾರ, ಅವ್ನು ಕ್ಯಾಚರ್ ಅಲ್ಲ, ಮೊದಲ ಬೇಸ್ ಕಾಯೋ ಫಸ್ಟ್ ಬೇಸ್‌ನವ್ನು, ಯಾರ ಕಣ್ಣಿಗೂ ಬೀಳಬಾರ್ದು ಅಂತ ಮೈಬಣ್ಣದ ಗ್ಲೋವ್ ಹಾಕ್ತಿದ್ದನಂತೆ! ನೋವಿಗಿಂತ ಜನ ಏನಂತಾರೋ ಅನ್ನೋದೇ ದೊಡ್ಡದಾಗಿತ್ತು, ನಂಗೆ ಈ ಕಥೆ ಓದಿದಾಗೆಲ್ಲ ಬೇಜಾರಾಗುತ್ತೆ.

ಕ್ಯಾಚರ್‌ಗಳ ಆಗಿನ ಗ್ಲೋವ್ ತೆಳು ಚರ್ಮದ್ದು, ಬೆರಳಿನ ತುದಿ ಕತ್ತರಿಸಿರೋದು, ಎರಡೂ ಕೈಗೆ ಹಾಕೋರು. ಅದು ಅಂಗೈ ಉರಿ ತಡೀತಿತ್ತು ಅಷ್ಟೇ, ಬೆರಳು ಉಳಿಸ್ತಿರ್ಲಿಲ್ಲ. 1884ರಲ್ಲಿ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ನ್ಯಾಷನಲ್ ಲೀಗ್ ಮೇಲಿಂದ ಎಸೆಯೋಕೆ ಬಿಡ್ತು ನೋಡಿ, ಅಲ್ಲಿಂದ ಕಷ್ಟ ಶುರು, ಆಗ ಪಿಚರ್ ನಿಲ್ತಿದ್ದಿದ್ದು ಬರೀ 50 ಅಡಿ ದೂರದಲ್ಲಿ. ಮುಖಕ್ಕೆ ಮಾಸ್ಕ್ ಆಗ್ಲೇ ಬಂದಿತ್ತು, ಹಾರ್ವರ್ಡ್‌ನ ಫ್ರೆಡ್ ಥೇಯರ್ 1878ರಲ್ಲೇ ಪೇಟೆಂಟ್ ತಗೊಂಡಿದ್ದ. ಮುಖ ಉಳೀತು, ಬ್ಯಾಟರ್ ಹತ್ರಾನೇ ನಿಲ್ಲೋ ಧೈರ್ಯ ಬಂತು, ಏಟೆಲ್ಲ ಬೆರಳಿಗೆ.

1888ರಲ್ಲಿ ಕಾನ್ಸಾಸ್ ಸಿಟಿಯ ಕ್ಯಾಚರ್ ಜೋ ಗನ್ಸನ್‌ಗೂ ಬೆರಳು ಪೆಟ್ಟಾಗಿತ್ತು, ಆದ್ರೂ ಆಡ್ಬೇಕು. ಏನ್ ಮಾಡ್ದ ಗೊತ್ತಾ, ಎಡಗೈ ಗ್ಲೋವ್‌ನ ಬೆರಳುಗಳನ್ನ ಒಟ್ಟಿಗೆ ಹೊಲ್ದು, ತುದಿ ಸುತ್ತ ತಂತಿ ಕಟ್ಟಿ, ಒಳಗೆ ಮೆತ್ತೆ ತುಂಬಿ, ಮೇಲೆ ಚರ್ಮ ಹಾಕ್ದ. ಬೇರೆ ಬೇರೆ ಇದ್ದ ಬೆರಳು ಒಂದೇ ದಿಂಬಾಯ್ತು, ಏಟು ಒಂದು ಬೆರಳಿಗೆ ಬೀಳೋದು ಬಿಟ್ಟು ಇಡೀ ಕೈಗೆ ಹಂಚಿಹೋಯ್ತು. ಇದೇ ನಿಜವಾದ ತಿರುವು ಅಂತ ನಾನಂತೀನಿ. ಆದ್ರೆ 1889ರಲ್ಲಿ ಪೇಟೆಂಟ್ ಸಿಕ್ಕಿದ್ದು ಹ್ಯಾರಿ ಡೆಕರ್ ಅನ್ನೋ ಇನ್ನೊಬ್ಬ ಕ್ಯಾಚರ್‌ಗೆ, ಅಂಗಡೀಲಿ ಮಿಟ್, ಅಂದ್ರೆ ಈ ದಿಂಬಿನ ಥರದ ಗ್ಲೋವ್, ಮಾರಾಟ ಆಗಿದ್ದೂ ಡೆಕರ್ ಹೆಸ್ರಲ್ಲಿ. ಗನ್ಸನ್ ಹೆಸ್ರನ್ನೂ ನಾವು ಹೇಳ್ಬೇಕು.

ಆಮೇಲೆ ನಾಚಿಕೆ ಹೋಗಿ ಎಲ್ರೂ ದೊಡ್ ದೊಡ್ ಗ್ಲೋವ್ ಹಾಕೋಕೆ ಶುರು ಮಾಡಿದ್ರು, ಅದಕ್ಕೇ 1895ರಲ್ಲಿ ಬೇರೆಯವ್ರಿಗೆ 10 ಔನ್ಸ್ ತೂಕ, 14 ಇಂಚು ಸುತ್ತಳತೆ ಅಂತ ಮಿತಿ ಹಾಕಿದ್ರು, ಕ್ಯಾಚರ್‌ಗೂ ಫಸ್ಟ್ ಬೇಸ್‌ನವ್ನಿಗೂ ಮಾತ್ರ ವಿನಾಯ್ತಿ. ಎಡಗೈ ಉಳೀತು. ಎಸೆಯೋ ಬಲಗೈ ಮಾತ್ರ ಮಿಟ್ ಪಕ್ಕದಲ್ಲೇ ಬರಿದಾಗಿ ಏಟು ತಿಂತಾನೇ ಇತ್ತು. 1960ರ ದಶಕದಲ್ಲಿ ಮಡಚೋ ಥರದ ಮಿಟ್ ಹಾಕ್ಕೊಂಡು ರ್ಯಾಂಡಿ ಹಂಡ್ಲಿ, ಜಾನಿ ಬೆಂಚ್ ಅನ್ನೋ ಕ್ಯಾಚರ್‌ಗಳು ಒಂದೇ ಕೈಲಿ ಹಿಡಿಯೋಕೆ ಶುರು ಮಾಡಿದ್ಮೇಲೇ ಆ ಕೈಯನ್ನ ಹಿಂದಕ್ಕೆ ಅಡಗಿಸಿಡೋ ರೂಢಿ ಬಂದಿದ್ದು.