ಕೊಲ್ಲಿಯ ನೀರು, ವರದಿಗಾರನ ಬಾಟಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ತುಲಾ ಸಂಕ್ರಮಣ ಕಳೆದು ಹೆಚ್ಚು ದಿನವಾಗಿಲ್ಲ. ತಲಕಾವೇರಿಯಿಂದ ತಂದ ತೀರ್ಥದ ಬಾಟಲಿ ನಿಮ್ಮಲ್ಲಿ ಅನೇಕರ ದೇವರಕೋಣೆಯಲ್ಲಿ ಇರಬಹುದು. ನಮ್ಮ ಮನೆಯಲ್ಲೂ ಇದೆ. ನಾನು ಇವತ್ತು ಹೇಳಹೊರಟದ್ದು ಇನ್ನೊಂದು ಬಾಟಲಿಯ ಕಥೆ, ಜೊತೆಗೆ ಪರಿಸರ ವರದಿಗಾರನಿಗೆ ಫೆಲೋಶಿಪ್ ಏಕೆ ಬೇಕು ಎಂಬ ಮಾತು.

ಕೆಲವು ವರ್ಷಗಳ ಹಿಂದೆ, ಜನವರಿಯಲ್ಲಿ, ದಕ್ಷಿಣ ಕೊಡಗಿನ ಒಂದು ಊರಿನಿಂದ ಫೋನ್ ಬಂತು. "ಸಾರ್, ಕೊಲ್ಲಿಯ ನೀರು ಕಪ್ಪಾಗಿದೆ. ಮೀನೆಲ್ಲ ಮೇಲೆ ಬಂದಿದೆ. ದನ ಮೂಸಿ ನೋಡಿ ವಾಪಸ್ ಬರ್ತದೆ. ಒಮ್ಮೆ ಬಂದು ನೋಡಿ." ಕೊಲ್ಲಿ ಎಂದರೆ ನಮ್ಮಲ್ಲಿ ಸಣ್ಣ ತೊರೆ. ಆಗ ನಾನು ಒಂದು ಪತ್ರಿಕೆಗೆ ಅರೆಕಾಲಿಕ ವರದಿಗಾರ. ಸುದ್ದಿ ಅಚ್ಚಾದರೆ ಕಾಸು, ಇಲ್ಲದಿದ್ದರೆ ಇಲ್ಲ. ಪೆಟ್ರೋಲು ಹೇಗೂ ನಮ್ಮದೇ. ಬೈಕ್ ಹತ್ತಿ ಹೋದೆ. ಅವರು ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ. ಹುಳಿ ಬಂದ ಹೆಂಡದಂಥ ವಾಸನೆ. ಪಕ್ಕದ ಅಂಗಡಿಯಲ್ಲಿ ಒಂದು ಖಾಲಿ ಜ್ಯೂಸ್ ಬಾಟಲಿ ಬೇಡಿ, ತೊಳೆದು, ನೀರು ತುಂಬಿಸಿಕೊಂಡೆ.

ಮರುದಿನ ಮಡಿಕೇರಿಯಲ್ಲಿ ಪತ್ರಿಕಾಗೋಷ್ಠಿ. ಅದರ ಮರುದಿನ ಮಂತ್ರಿಗಳ ಕಾರ್ಯಕ್ರಮ. ನಾಲ್ಕನೆಯ ದಿನ ಬಿಡುವಾಯಿತು, ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಒಂದು ಪ್ರಯೋಗಾಲಯದ ಮೇಜಿನ ಮೇಲೆ ಬಾಟಲಿ ಇಟ್ಟೆ. ಅಲ್ಲಿದ್ದ ಹುಡುಗಿ ಎರಡೇ ಪ್ರಶ್ನೆ ಕೇಳಿದಳು. ಯಾವಾಗ ತುಂಬಿಸಿದ್ದು? ಐಸ್‌ನಲ್ಲಿ ಇಟ್ಟಿದ್ರಾ? ನನ್ನ ಉತ್ತರ ಕೇಳಿ ಬಾಟಲಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. "ಸಾರ್, ಇದರಲ್ಲಿ ಈಗ ಇರೋದು ಹೊಳೆ ನೀರಲ್ಲ, ನಿಮ್ಮ ಬಾಟಲಿ ನೀರು."

ಕೊನೆಗೆ ಅಚ್ಚಾದದ್ದು ಒಂದು ಕಾಲಂನ ಹನ್ನೆರಡು ಸಾಲು. "ಕೊಲ್ಲಿಯ ನೀರು ಕಲುಷಿತಗೊಂಡಿದೆ ಎನ್ನಲಾಗಿದೆ." ಈ "ಎನ್ನಲಾಗಿದೆ" ಎಂಬ ಪದ ನಮ್ಮ ಕಸುಬಿನವರ ಕೊಡೆ. ಮಳೆ ಬಂದರೆ ಅದರಡಿ ನಿಂತುಬಿಡುತ್ತೇವೆ. ಆದರೆ ನೀರು ಕಪ್ಪಾದದ್ದು ನಿಜ ಎಂದು ನನಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು, ದನಕ್ಕೂ ಗೊತ್ತಿತ್ತು. ಕಾಗದದ ಮೇಲೆ ತೋರಿಸಲು ಮಾತ್ರ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಕಾಗದದ ಮೇಲೆ ತೋರಿಸುವುದೆಂದರೆ ಏನೇನು ಬೇಕು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅರೇಬಿಕಾ ಕಾಫಿ ಹಣ್ಣನ್ನು ಪಲ್ಪರ್ ಎಂಬ ಯಂತ್ರಕ್ಕೆ ಹಾಕಿ ಸಿಪ್ಪೆ ಸುಲಿದು, ಲೋಳೆ ತೊಳೆದು, ಪಾರ್ಚ್‌ಮೆಂಟ್ ಎಂಬ ಕಾಫಿ ಬೀಜ ಮಾಡುತ್ತೇವಲ್ಲ, ಆ ತೊಳೆದ ನೀರಿನಲ್ಲಿ ಸಕ್ಕರೆ ಇದೆ, ಪೆಕ್ಟಿನ್ ಎಂಬ ಅಂಟು ಇದೆ. ಅದು ಕೊಲ್ಲಿಗೆ ಇಳಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಸಕ್ಕರೆ ತಿನ್ನುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತದೆ. "ವಿಷದ ನೀರು" ಎಂದು ನಾವು ಶೀರ್ಷಿಕೆ ಕೊಟ್ಟು ಕೂರುತ್ತೇವೆ. ಆ ಒಂದು ತಪ್ಪು ಪದ ಸಾಕು, ಮರುದಿನವೇ ತೋಟದವರು ಸ್ಪಷ್ಟನೆ ಕಳಿಸಿ ಇಡೀ ವರದಿಯನ್ನು ಸುಳ್ಳು ಮಾಡಿಬಿಡುತ್ತಾರೆ. ನೀರು ಎಷ್ಟು ಆಮ್ಲಜನಕ ಬೇಡುತ್ತದೆ ಎಂಬ ಅಳತೆಗೆ ಬಿಓಡಿ ಎನ್ನುತ್ತಾರೆ. ಹೊಳೆಗೆ ಬಿಡುವ ಕೊಳೆನೀರಿಗೆ ನಮ್ಮ ದೇಶದ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಪಲ್ಪರ್‌ನಿಂದ ನೇರವಾಗಿ ಬಂದ ನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಈ ಪರೀಕ್ಷೆಗೆ ನೀರನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಬಾಟಲಿಯನ್ನು ತುಂಬಿಸಿದ ಕೂಡಲೇ ಐಸ್‌ಗೆ ಹಾಕಿ ಒಂದು ದಿನದೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಒಂದು ಬಾಟಲಿ ಸಾಲದು. ಪಲ್ಪರ್‌ನ ಮೇಲ್ಗಡೆ ಒಂದು, ಕೆಳಗಡೆ ಒಂದು, ಇನ್ನೂ ಕೆಳಗೆ ಒಂದು. ವಾರ ಬಿಟ್ಟು ಮತ್ತೆ ಅಷ್ಟೇ. ಶುಲ್ಕ, ಬಾಡಿಗೆ ಗಾಡಿ, ಕಳೆದ ದಿನಗಳ ಸಂಪಾದನೆ ಎಲ್ಲ ಕೂಡಿಸಿ. ಹನ್ನೆರಡು ಸಾಲಿಗೆ ಪತ್ರಿಕೆ ಕೊಡುವ ಹಣದ ಪಕ್ಕದಲ್ಲಿಟ್ಟರೆ ನಗು ಬರುತ್ತದೆ.

ಫೆಲೋಶಿಪ್ ಎಂಬ ಮಾತು ಬರುವುದು ಇಲ್ಲಿ. ನಮ್ಮಲ್ಲಿ ಆ ಪದ ಕೇಳಿದರೆ ಶಾಲು, ಹಾರ, ಫೋಟೋ ನೆನಪಾಗುತ್ತದೆ. ಪರಿಸರ ವರದಿಗಾರನಿಗೆ ಸಿಗುವ ಫೆಲೋಶಿಪ್ ಎಂದರೆ ಸರಳವಾಗಿ ಇಷ್ಟೇ: ಮೂರು ತಿಂಗಳೋ ಆರು ತಿಂಗಳೋ ಒಂದೇ ವಿಷಯದ ಹಿಂದೆ ಹೋಗಲು ಖರ್ಚು. ಮೊತ್ತ ದೊಡ್ಡದಾಗಿಯೇ ಇರಬೇಕೆಂದಿಲ್ಲ. 1969ರಲ್ಲಿ ಅಮೆರಿಕದಲ್ಲಿ ತನಿಖಾ ವರದಿಗಾರಿಕೆಗೆಂದೇ ಒಂದು ನಿಧಿ ಶುರುವಾಯಿತು. ಅದು ಸೀಮೋರ್ ಹರ್ಶ್ ಎಂಬ ಪತ್ರಕರ್ತನಿಗೆ ಮೊದಲು ಕೊಟ್ಟದ್ದು 250 ಡಾಲರ್, ಆಮೇಲೆ 2000 ಡಾಲರ್. ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನಡೆಸಿದ ಹತ್ಯಾಕಾಂಡ ಜಗತ್ತಿಗೆ ಗೊತ್ತಾದದ್ದು ಆ ಓಡಾಟದಿಂದ.

ಹಣದ ಬೆಂಬಲವಿಲ್ಲದೆಯೂ ಮಾಡಿದವರಿದ್ದಾರೆ, ಅದನ್ನು ಮರೆಮಾಚಬಾರದು. ಭೋಪಾಲದ ರಾಜಕುಮಾರ್ ಕೇಸ್ವಾನಿ ತಮ್ಮ "ರಪಟ್" ಎಂಬ ಪುಟ್ಟ ವಾರಪತ್ರಿಕೆಯಲ್ಲಿ 1982ರಲ್ಲೇ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅಪಾಯದ ಬಗ್ಗೆ ಬರೆದರು. ಊರನ್ನು ಉಳಿಸಿ ಎಂದು ಅಂಗಲಾಚಿದರು. ಯಾರೂ ಕಿವಿಗೊಡಲಿಲ್ಲ. 1984ರ ಜೂನ್‌ನಲ್ಲಿ "ಜನಸತ್ತಾ" ಪತ್ರಿಕೆಯಲ್ಲಿ ಮತ್ತೆ ಬರೆದರು. ಆ ವರ್ಷದ ಡಿಸೆಂಬರ್ 2ರ ರಾತ್ರಿ ಏನಾಯಿತೆಂದು ನಾನು ಹೇಳಬೇಕಾಗಿಲ್ಲ. ಅವರ ಕಥೆ ಓದುವಾಗಲೆಲ್ಲ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚು. ಅಷ್ಟು ಸಣ್ಣ ಪತ್ರಿಕೆಯ ಒಬ್ಬನೇ ಒಬ್ಬ ಮನುಷ್ಯನ ಹೆಗಲ ಮೇಲೆ ಅಷ್ಟು ದೊಡ್ಡ ಎಚ್ಚರಿಕೆಯ ಹೊರೆ ಬೀಳಬಾರದಿತ್ತು.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಹೊಗೆ ಕಾರುವ ಚಿಮಣಿ ಇಲ್ಲ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶ ಬಿಟ್ಟರೆ ಕೈಗಾರಿಕೆ ಎಂದು ಬೆರಳು ತೋರಿಸುವಂಥದ್ದು ಕಡಿಮೆ. ನಮ್ಮ ಕಾರ್ಖಾನೆ ತೋಟದ ಮೂಲೆಯ ಪಲ್ಪರ್ ಮನೆ, ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ತಿರುಗುವಂಥದ್ದು. ಅದರ ಮಾಲೀಕ ನಮ್ಮ ಮಾವನೋ, ಭಾವನೋ, ಮಗನ ಶಾಲೆಯ ಫೀಸಿಗೆ ಸಾಲ ಕೊಟ್ಟವರೋ ಆಗಿರುತ್ತಾರೆ. ನಾನು ಉಣ್ಣುವುದೂ ಕಾಫಿಯ ಅನ್ನವೇ. ಒಬ್ಬ ಹಿರಿಯ ಬೆಳೆಗಾರರು ನನಗೆ ಕಾಫಿ ಕೊಟ್ಟು ಕೂರಿಸಿ ಹೇಳಿದರು: "ಬರೆಯಿರಿ ಮಾರಾಯ್ರೆ, ಬೇಡ ಅನ್ನುವುದಿಲ್ಲ. ಆದರೆ ಹೊಂಡ ತೋಡಿ, ಸುಣ್ಣ ಹಾಕಿ, ನೀರು ನಿಲ್ಲಿಸಿದವರನ್ನೂ ಬರೆಯಿರಿ." ಆ ಮಾತು ನ್ಯಾಯವಾದದ್ದು. ಒಂದೇ ದಿನ ಹೋಗಿ ಬರುವ ವರದಿಗಾರನ ಕಣ್ಣಿಗೆ ಕಪ್ಪು ನೀರು ಬೀಳುತ್ತದೆ, ಹೊಂಡ ಬೀಳುವುದಿಲ್ಲ. ಹತ್ತು ತೋಟ ತಿರುಗಿದವನಿಗೆ ಮಾತ್ರ ಎರಡೂ ಸಿಗುತ್ತದೆ.

ಇಂಥ ಫೆಲೋಶಿಪ್ ಯಾರು ಕೊಡುತ್ತಾರೆ ಎಂದು ಕೇಳುವ ಯುವಮಿತ್ರರಿಗೆ ಎರಡು ಹೆಸರು ಹೇಳುತ್ತೇನೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಅಂದರೆ 1980ರಲ್ಲಿ ಅನಿಲ್ ಅಗರ್‌ವಾಲ್ ಕಟ್ಟಿದ ಸಿಎಸ್‌ಇ, ಪತ್ರಕರ್ತರಿಗೆ ಮಾಧ್ಯಮ ಫೆಲೋಶಿಪ್‌ಗಳನ್ನು ಕೊಟ್ಟಿದೆ. ಅರ್ತ್ ಜರ್ನಲಿಸಂ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಜಾಲ ಪರಿಸರ ವರದಿಗಳಿಗೆ ಸಹಾಯಧನ ಕೊಡುತ್ತದೆ. ಅರ್ಜಿಯನ್ನು ಹೆಚ್ಚಾಗಿ ಇಂಗ್ಲಿಷಿನಲ್ಲೇ ಕೇಳುತ್ತಾರೆ. ಹೆದರಬೇಡಿ. ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಯಾರಾದರೂ ಮೇಷ್ಟ್ರ ಹತ್ತಿರ ಕೂತು ಇಂಗ್ಲಿಷಿಗೆ ತನ್ನಿ.

ನನ್ನ ಮೊದಲ ಅರ್ಜಿ ತಿರಸ್ಕೃತವಾಯಿತು. "ಕಾವೇರಿ ನದಿಯ ಮಾಲಿನ್ಯ" ಎಂದು ಬರೆದಿದ್ದೆ. ಅದು ವಿಷಯವೇ ಅಲ್ಲ, ಸಮುದ್ರ. ಎರಡನೆಯ ಸಲ ಒಂದೇ ಕೊಲ್ಲಿ, ಒಂದೇ ಕೊಯ್ಲಿನ ಕಾಲ, ಒಂದೇ ಪ್ರಶ್ನೆ ಇಟ್ಟುಕೊಂಡೆ: ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಬರೆದ ಷರತ್ತು ತೋಟದಲ್ಲಿ ನಡೆಯುತ್ತಿದೆಯೇ? ಅದು ಒಪ್ಪಿಗೆಯಾಯಿತು.

ಅನುಮತಿ ಪತ್ರವನ್ನು ನೋಡಲು ಯಾರ ಕಾಲೂ ಹಿಡಿಯಬೇಕಾಗಿಲ್ಲ. 1974ರ ಜಲ ಕಾಯಿದೆಯ 25ನೇ ಕಲಂ ಪ್ರಕಾರ ಮಂಡಳಿ ಅನುಮತಿಗಳ ಒಂದು ರಿಜಿಸ್ಟರ್ ಇಡಬೇಕು, ಅದನ್ನು ಸಂಬಂಧಪಟ್ಟವರು ಕಚೇರಿ ವೇಳೆಯಲ್ಲಿ ನೋಡಬಹುದು. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ: 10 ರೂಪಾಯಿ, 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಪುರಾಣ ಬರೆದರೆ ಹಿಂದಕ್ಕೆ ಬರುತ್ತದೆ.

ಇನ್ನೊಂದು ಮಾತು, ಇದನ್ನು ನಾನು ತಡವಾಗಿ ಕಲಿತೆ. ನೀವು ತುಂಬಿಸಿದ ಬಾಟಲಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅದೇ ಕಾಯಿದೆಯ 21ನೇ ಕಲಂ ಪ್ರಕಾರ ಮಂಡಳಿಯ ಅಧಿಕಾರಿ ಮಾಲೀಕರಿಗೆ ನೋಟಿಸ್ ಕೊಟ್ಟು, ಅವರೆದುರೇ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಸಹಿ ಹಾಕಿಸಿ ಕಳಿಸಿದ್ದಕ್ಕೆ ಮಾತ್ರ ಆ ಬೆಲೆ. ನಿಮ್ಮ ಬಾಟಲಿಯ ಕೆಲಸ ಬೇರೆ. ಆ ಅಧಿಕಾರಿ ಕೊಲ್ಲಿಯ ದಂಡೆಗೆ ಇಳಿಯುವಂತೆ ಮಾಡುವುದು. ಆ ಫೆಲೋಶಿಪ್‌ನಲ್ಲಿ ಬರೆದ ನನ್ನ ಮೂರು ವರದಿಗಳಲ್ಲಿ ಎರಡನೆಯದು ಬಂದ ಮೇಲೆ ಅವರು ಇಳಿದರು.

ಹಣ ಯಾರದ್ದೆಂದು ನೋಡಿಯೇ ಸಹಿ ಹಾಕಿ. ಬರೆದದ್ದನ್ನು ಅಚ್ಚಿಗೆ ಮೊದಲು ತೋರಿಸಬೇಕು ಎಂಬ ಷರತ್ತು ಇದ್ದರೆ ಅದು ಫೆಲೋಶಿಪ್ ಅಲ್ಲ, ಜಾಹೀರಾತು.

ಇನ್ನು ಕೆಲವೇ ವಾರದಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ. ನಮ್ಮ ಸುಗ್ಗಿಹಬ್ಬ ಪುತ್ತರಿ ಮುಗಿಯುವ ಹೊತ್ತಿಗೆ ಪಲ್ಪರ್‌ಗಳು ತಿರುಗುತ್ತವೆ. ನಿಮ್ಮ ಊರಿನ ಕೊಲ್ಲಿಯ ಬಗ್ಗೆ ಅರ್ಜಿ ಹಾಕುವ ಯೋಚನೆಯಿದ್ದರೆ, ನೀರು ಇನ್ನೂ ತಿಳಿಯಾಗಿರುವ ಈ ದಿನಗಳಲ್ಲೇ ಮೊದಲ ಬಾಟಲಿ ತುಂಬಿಸಿ. ಜನವರಿಯ ನೀರನ್ನು ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಜ್ಯೂಸ್ ಬಾಟಲಿ ಬೇಡ. ಪ್ರಯೋಗಾಲಯದವರೇ ಬಾಟಲಿ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ. ಐಸ್ ಮಾತ್ರ ನೀವೇ ತರಬೇಕು. ಮೀನು ಮಾರುಕಟ್ಟೆಯಲ್ಲಿ ಸಿಗುತ್ತದೆ.

ನಮಸ್ಕಾರ.