ಶೋಕೇಸಿನಲ್ಲಿ ಉಲ್ಕಾಶಿಲೆ

ಎಲ್ಲರಿಗೂ ನಮಸ್ಕಾರ.

ದಸರೆ ಬಂತೆಂದರೆ ಮನೆಮನೆಯಲ್ಲೂ ಗೊಂಬೆ ಕೂರಿಸುವ ಊರು ನಮ್ಮದು. ಚೆಂದವಾಗಿ ಜೋಡಿಸಿಡುವುದನ್ನು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಲ್ಕಾಶಿಲೆಯನ್ನು ಮನೆಯಲ್ಲಿ ಅಲಂಕಾರಕ್ಕೆ ಇಡಬಹುದೇ ಎಂದು ಕೇಳುವವರಿಗೆ, ಧಾರಾಳವಾಗಿ ಇಡಿ ಎನ್ನುತ್ತೇನೆ. ಆದರೆ ಕಲ್ಲಿನ ಪಕ್ಕದಲ್ಲಿ ಅದರ ಚೀಟಿಯೂ ಇರಲಿ: ಯಾವ ಊರಿನದು, ಯಾವಾಗ ಸಿಕ್ಕಿತು, ತೂಕ ಎಷ್ಟು, ಯಾರ ಕೈಯಿಂದ ಬಂತು. ಸ್ಟ್ಯಾಂಡಿಗಿಂತ ಚೀಟಿ ಮುಖ್ಯ.

ಈಗ ನಿಮ್ಮ ಕೈಯಿಂದ ಕೈಗೆ ಹೋಗುತ್ತಿರುವ ಬಿಲ್ಲೆ ಸ್ವೀಡನ್ನಿನ ಮುವೊನಿಯೊನಲುಸ್ತ ಎಂಬ ಕಬ್ಬಿಣದ ಉಲ್ಕೆಯದು. ಅದರ ಮೊದಲ ತುಂಡು ಸಿಕ್ಕಿದ್ದು 1906ರಲ್ಲಿ. ಬೆವರು ತಾಗದಂತೆ ಅಂಚಿನಲ್ಲಿ ಹಿಡಿಯಿರಿ. ಬೆಳಕಿಗೆ ಸ್ವಲ್ಪ ಓರೆ ಮಾಡಿ. ಒಂದನ್ನೊಂದು ಕತ್ತರಿಸುವ ಪಟ್ಟಿಗಳು ಕಾಣುತ್ತವಲ್ಲ? ಇನ್ನೂ ಸ್ವಲ್ಪ ತಿರುಗಿಸಿ. ಹೊಳೆಯುತ್ತಿದ್ದ ಪಟ್ಟಿ ಕಪ್ಪಾಗಿ, ಪಕ್ಕದ್ದು ಹೊಳೆಯುತ್ತದೆ. ಇದನ್ನು ಯಾರೂ ಕೆತ್ತಿಲ್ಲ. ನಯ ಮಾಡಿದ ಮೈಗೆ ತೆಳುವಾದ ನೈಟ್ರಿಕ್ ಆಮ್ಲ ಸವರಿದಾಗ ಕಬ್ಬಿಣದಲ್ಲಿ ಬೆರೆತ ನಿಕಲ್ ಲೋಹ ಕಡಿಮೆ ಇರುವ ಭಾಗ ಬೇಗ ಸವೆಯುತ್ತದೆ, ಹೆಚ್ಚಿರುವುದು ಉಳಿಯುತ್ತದೆ. ವಿಯೆನ್ನಾದ ವಿಜ್ಞಾನಿ ವಿಡ್‌ಮನ್‌ಸ್ಟೆಟನ್ 1808ರಲ್ಲಿ ಈ ವಿನ್ಯಾಸವನ್ನು ಗಮನಿಸಿದ, ಇದಕ್ಕೆ ಅವನದೇ ಹೆಸರು ನಿಂತಿದೆ. ಪಾಕ ನಿಧಾನವಾಗಿ ಆರಿದಷ್ಟೂ ಕಲ್ಲುಸಕ್ಕರೆಯ ಹರಳು ದಪ್ಪವಾಗುವ ಹಾಗೆ ಇದೂ ಬೆಳೆದದ್ದು. ಒಂದು ಪುಟ್ಟ ಆಕಾಶಕಾಯದೊಳಗಿನ ಲೋಹ ಲಕ್ಷಗಟ್ಟಲೆ ವರ್ಷ ಆರುತ್ತಾ ಬಂದಿದ್ದರಿಂದ ಈ ಪಟ್ಟಿಗಳು ಮೂಡಿದವು. ಭೂಮಿಯ ಯಾವ ಕುಲುಮೆಯಲ್ಲೂ ಅಷ್ಟು ಪುರುಸೊತ್ತಿಲ್ಲ.

ಇದಕ್ಕೆ ದೊಡ್ಡ ಶತ್ರು ತುಕ್ಕು, ಈ ಸ್ವೀಡನ್ ಕಬ್ಬಿಣಕ್ಕಂತೂ ಅದು ಹೆಚ್ಚು. ಮಳೆಗಾಲದಲ್ಲಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಕೆಲವರು ದೇವರ ಕೋಣೆಯಲ್ಲಿ ಇಡುತ್ತಾರೆ. ಅವರ ಭಕ್ತಿ ನನಗೆ ಅರ್ಥವಾಗುತ್ತದೆ, ಅಭಿಷೇಕ ಮಾತ್ರ ಬೇಡ.

ಕೊಳ್ಳುವಾಗ ಮೂಲ ಕೇಳಿ. ಅರ್ಜೆಂಟೀನಾ, ನಮೀಬಿಯಾ ತಮ್ಮ ಉಲ್ಕೆಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿವೆ. ನಮ್ಮ ದೇಶದಲ್ಲಿ ಬಿದ್ದದ್ದಂತೂ ಶೋಕೇಸಿಗಲ್ಲ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಸೇರಬೇಕು. ಏಕೆಂದರೆ, 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಒಂದು ಕಲ್ಲು ಬಿತ್ತು. ಅದು ಮಂಗಳ ಗ್ರಹದಿಂದ ಬಂದದ್ದೆಂದು ಗೊತ್ತಾಗಲು ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಅಷ್ಟು ಕಾಲವೂ ಊರು, ದಿನ ಬರೆದ ದಾಖಲೆಯೊಂದಿಗೆ ಯಾರೋ ಅದನ್ನು ಜೋಪಾನ ಮಾಡಿದ್ದರು. ಅಂದೇ ಅದನ್ನು ಕೊರೆದು ಉಂಗುರದ ಹರಳು ಮಾಡಿದ್ದರೆ ನಮಗೆ ಏನು ತಾನೆ ತಿಳಿಯುತ್ತಿತ್ತು?

ನಾಳೆ ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಅಂಥದ್ದು ಬಿದ್ದರೆ ತೊಳೆಯಬೇಡಿ, ಒಡೆದು ಹಂಚಿಕೊಳ್ಳಬೇಡಿ. ಅಯಸ್ಕಾಂತ ಅಂಟುತ್ತದೆಯೇ ಎಂದು ನೋಡುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಬಲವಾದ ಅಯಸ್ಕಾಂತ ತಾಗಿದರೆ ಕಲ್ಲು ಕಾಪಾಡಿಕೊಂಡು ಬಂದ ಪುರಾತನ ಕಾಂತತೆಯೇ ಅಳಿಸಿಹೋಗುತ್ತದೆ. ಬಿದ್ದ ಜಾಗದಲ್ಲೇ ಫೋಟೊ ತೆಗೆದು, ಹೊತ್ತು ಬರೆದುಕೊಂಡು, ಶುಚಿಯಾದ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ತಹಶೀಲ್ದಾರರಿಗೆ ತಿಳಿಸಿ.